ಮಗಳ ಮದುವೆಯ ಹಾಡು

"ಅಮ್ಮಾ, ಒಂದೇ ಒಂದು ಹಾಡು. ಪ್ರಸಾದ ಆದ್ಮೇಲೆ ಎರಡು ನಿಮಿಷ. ಅವರ ಮನೆಯವರಿಗೆ ಆಸೆ."

ದರ್ಜಿಯಮ್ಮ ಮಗಳ ಮದುವೆಯ ಬಿಳಿ ಉಡುಪಿನ ಅಂಚು ಹೊಲಿಯುತ್ತಿದ್ದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, "ಸಿನಿಮಾ ಹಾಡು ಊಟದ ಹಾಲ್‌ನಲ್ಲಿ ಹಾಕಿಸ್ಕೋ. ನಾನೂ ಬಂದು ಕುಣೀತೀನಿ. ಚರ್ಚಿನ ಪೀಠದ ಮುಂದೆ ಬೇಡ," ಎಂದಳು.

"ನಿನಗೆ ನನಗಿಂತ ಆ ನಿನ್ನ ಹಾಡುಗಾರರೇ ಹೆಚ್ಚು."

ಚರ್ಚಿನ ಹಾಡುಗಾರರನ್ನು ತಿದ್ದಿ ತೀಡಿದವಳು ದರ್ಜಿಯಮ್ಮನೇ. ಅವಳ ನಾಲಿಗೆಗೆ ಪಾದ್ರಿ ಸ್ವಾಮಿಗಳೂ ಹೆದರುತ್ತಿದ್ದರು. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಆರಾಧನೆಯಲ್ಲಿ, ಹಾಡುವುದೆಂದರೆ ಪ್ರಾರ್ಥನೆ, ಕಚೇರಿಯಲ್ಲ ಎಂದು ಹಟ ಹಿಡಿದು, ಎಷ್ಟೋ ಮದುವೆಯವರಿಗೆ ಇಂಥ ಹಾಡು ಬೇಡವೆಂದು ನಿಷ್ಠುರವಾಗಿದ್ದಳು. ಈಗ ಅವರೆಲ್ಲ ಕಿವಿ ನಿಮಿರಿಸಿ ಕಾಯುತ್ತಿದ್ದರು, ಊರಿಗೊಂದು ನ್ಯಾಯ, ಮನೆಗೊಂದು ನ್ಯಾಯವೋ ನೋಡೋಣ ಎಂದು. ಮಗಳು ವಾರವಿಡೀ ಮುಖ ಊದಿಸಿಕೊಂಡೇ ಓಡಾಡಿದಳು. ತಾಯಿಗೇನು ಸಂಕಟವಾಗಲಿಲ್ಲವೇ? ಇರುವುದು ಒಬ್ಬಳೇ ಮಗಳು. ಆದರೂ ಅವಳು ಜಗ್ಗಲಿಲ್ಲ.

ಮದುವೆಯ ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಪರಮಪ್ರಸಾದ ಹಂಚಿ ಮುಗಿದು ಚರ್ಚು ಮೌನವಾಗಿತ್ತು. ಹಾಡುಗಾರರೊಂದಿಗೆ ಮಾಳಿಗೆಯಲ್ಲಿದ್ದ ದರ್ಜಿಯಮ್ಮ ಕೆಳಗೆ ನೋಡಿದರೆ, ಗಂಡಿನ ಅಣ್ಣ ಗಿಟಾರು ಹಿಡಿದು ಮೈಕಿನ ಮುಂದೆ ನಿಂತಿದ್ದಾನೆ. ಅವನು ಸಿನಿಮಾ ಹಾಡಿನ ಮೊದಲ ಸ್ವರ ಮೀಟಿಯೇಬಿಟ್ಟ.

ಮೊಣಕಾಲೂರಿದ್ದ ಮದುಮಗಳು ತಲೆಯೆತ್ತಿದಳು. ಆ ಮೌನದಲ್ಲಿ ಅವಳಿಗೇ ಅದು ಅಲ್ಲಿಯ ಹಾಡಲ್ಲ ಅನ್ನಿಸಿತೇನೋ, ಭಾವನತ್ತ ತಿರುಗಿ ಬೇಡವೆಂದು ಮೆಲ್ಲಗೆ ತಲೆಯಾಡಿಸಿದಳು. ಅವನು ಕಕ್ಕಾಬಿಕ್ಕಿಯಾಗಿ ಗಿಟಾರು ಇಳಿಸಿದ. ಅವಳೇ, ಮೈಕಿಲ್ಲದೆ, ಕೃತಜ್ಞತೆಯ ಸ್ತುತಿಗೀತೆಯೊಂದನ್ನು ಎತ್ತಿಕೊಂಡಳು.

"ಇದ್ಯಾವ ಶ್ರುತೀಲಿ ಎತ್ಕೊಂಡ್ಳಪ್ಪ ಇವಳು," ಎನ್ನುತ್ತ ಮಾಳಿಗೆಯಲ್ಲಿ ಕೀಬೋರ್ಡ್ ನುಡಿಸುವ ಕ್ಷೌರದಂಗಡಿಯವನು ತಡಕಾಡಿದ.

"ಕೈ ತೆಗಿಯಪ್ಪ. ನನ್ನ ಮಗಳು. ಅವಳೇ ನಡೆಸ್ಕೊಂಡು ಹೋಗ್ತಾಳೆ," ಎಂದಳು ದರ್ಜಿಯಮ್ಮ.

ಎರಡನೆಯ ಸಾಲಿಗೆ ಮುಂದಿನ ಬೆಂಚಿನವರು ದನಿಗೂಡಿಸಿದರು. ಸ್ವಲ್ಪ ಹೊತ್ತಿಗೆ ಇಡೀ ಚರ್ಚೇ ಹಾಡುತ್ತಿತ್ತು, ಪದ ಗೊತ್ತಿಲ್ಲದ ಕಡೆ ತುಟಿಯಾಡಿಸುತ್ತ ಗಂಡಿನ ಅಣ್ಣನೂ. ಮಾಳಿಗೆಯ ಹಾಡುಗಾರರು ಸನ್ನೆಗಾಗಿ ದರ್ಜಿಯಮ್ಮನತ್ತ ನೋಡಿದರು. ಅವಳು ಕಟಕಟೆಯ ಮೇಲೆ ಎರಡೂ ಕೈ ಊರಿ, ಕೆಳಗೆ ಮಗಳ ಬಿಳಿ ಮುಸುಕನ್ನೇ ನೋಡುತ್ತ ನಿಂತಿದ್ದಳು.