ನಾಲ್ಕನೆಯ ಸೀಟು, ಅಥವಾ ‘ಬರ್ತೀನಿ’

“ಸಿಟ್ ಹಾರ್ಡರ್ ಲಾ, ಅಜ್ಜಿ!” ಎಂದು ಧೃತಿ ಕೂಗಿದಳು. ಹೊನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಯಾಗಿನ ಮೇಲೆ ಇನ್ನಷ್ಟು ಭಾರ ಬಿಟ್ಟು ಕೂತರು. ಜಿಪ್ಪು ಅರ್ಧ ಬಂದು ನಿಂತಿತು.

ಆ ಬ್ಯಾಗು ನನ್ನದು.

1

ಕ್ಷಮಿಸಿ, ಕಥೆ ಹೀಗೆ ಶುರುವಾಗಬೇಕಿರಲಿಲ್ಲ. ಹೇಗೆ ಶುರುವಾಗಬೇಕಿತ್ತು ಎಂದರೆ ಅದೂ ಗೊತ್ತಿಲ್ಲ. ಮೊದಲ ಕರಡಿನಲ್ಲಿ ಜಾಂಬಿಯಾದ ಹುಲ್ಲುಗಾವಲಿತ್ತು, ಬೆಳಗಿನ ಮಂಜಿತ್ತು. (“ಮಂಜಿನೊಳಗಿಂದ ಸಿಂಹವೊಂದು ನಿಧಾನವಾಗಿ ಮೂಡಿಬಂತು.” ಬರೆದವನು ಸಿಂಹವನ್ನೇ ಕಂಡಿಲ್ಲವೆಂದು ಆ ವಾಕ್ಯವೇ ಡಂಗುರ ಹೊಡೆಯುತ್ತಿತ್ತು.) ಹರಿದುಹಾಕಿದೆ. ಕಣ್ಣಾರೆ ಕಂಡೇ ಬರೆಯಬೇಕೆಂದು ಪಣ ತೊಟ್ಟೆ.

ನಾನು ಸುಪ್ರೀತ್. ಮಲೇಷ್ಯಾದ ಸುಬಾಂಗ್ ಜಯಾದಲ್ಲಿನ ಈ ಫ್ಲಾಟಿನ ಬಾಡಿಗೆ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿರುವವನು. ಫ್ಲಾಟು ನರಹರಿಯವರದು. ಶಾಲೆಯ ರಜೆ ಬಂದೊಡನೆ ಅವರು, ಹೆಂಡತಿ ವೇದಾ, ಮಗಳು ಧೃತಿ ಮತ್ತು ನಾನು ಜಾಂಬಿಯಾಕ್ಕೆ ಸಫಾರಿಗೆ ಹೊರಡುವುದೆಂದು ಮಾತಾಗಿತ್ತು. ಆ ದೂರದ ಕಾಡಿಗೆ ಸರಿಯಾದ ರಸ್ತೆಯಿಲ್ಲ. ಪುಟ್ಟ ವಿಮಾನ, ಪೈಲಟ್ ಬಿಟ್ಟರೆ ನಾಲ್ಕೇ ಸೀಟು. ನಾಲ್ಕನೆಯದು ನನ್ನದು. ಲೇಖಕನೇ ಹೋಗದೆ ಕಥೆ ಹೇಗೆ ಹೋದೀತು?

3

(ಎರಡರಲ್ಲಿ ಮಲೇರಿಯಾ ಮಾತ್ರೆಯ ಬಗ್ಗೆ ದೀರ್ಘ ಚರ್ಚೆಯಿತ್ತು. ನನಗೇ ನಿದ್ದೆ ಬಂತು.)

ಹೋದ ಭಾನುವಾರ, ಬೀದಿಯ ಮಾಮಕ್ ಹೋಟೆಲಿನಿಂದ ತಪೌ (ಇಲ್ಲಿ ಪಾರ್ಸಲ್ಲಿಗೆ ಹಾಗೇ ಅನ್ನುವುದು) ಕಟ್ಟಿಸಿ ತಂದ ರೋಟಿ ತಿನ್ನುತ್ತಾ ಎಲ್ಲರೂ ಪ್ಲಾನು ಮಾಡುತ್ತಿದ್ದೆವು. ಪೆಟಾಲಿಂಗ್ ಜಯಾದಲ್ಲಿ ಮಗನ ಜೊತೆ ಇರುವ ನರಹರಿಯವರ ದೊಡ್ಡಮ್ಮ ಹೊನ್ನಮ್ಮನೂ ಬಂದಿದ್ದರು.

“ಜೀಪಿಗೆ ಬಾಗಿಲೇ ಇರಲ್ವಂತೆ ದೊಡ್ಡಮ್ಮ,” ಎಂದರು ನರಹರಿ.

“ಮತ್ತೆ ಸಿಂಹ ಬಂದ್ರೆ?”

“ತಪೌ ಮಾಡ್ಕೊಂಡು ಹೋಗುತ್ತೆ,” ವೇದಾ ಗಂಡನ ಹೊಟ್ಟೆ ನೋಡಿ ನಕ್ಕರು. “ಮೊದ್ಲು ಇವರನ್ನ.”

ಧೃತಿ ಫೋನಿನಲ್ಲಿ ಬುಕಿಂಗ್ ತೆರೆದು, “ಓಕೆ, ನಂಬರ್ ಫೋರ್. ಹೂ ಈಸ್ ಕಮಿಂಗ್?” ಎಂದಳು. ನನ್ನ ಬಾಯಿತುಂಬ ರೋಟಿ. ಅದೇ ಗಳಿಗೆಗೆ ಹೊನ್ನಮ್ಮ, ರೈಲಿಗೆ ಹೊತ್ತಾಯಿತೆಂದು ಎದ್ದು, ಚೀಲ ಹೆಗಲಿಗೇರಿಸಿ ಹೇಳಿದರು:

“ಸರಿ, ನಾನ್ ಬರ್ತೀನಿ.”

ಓದುಗರೇ, ಹೊರಡುವಾಗ ನಾವು ಹೋಗುತ್ತೇವೆ ಎನ್ನುವುದಿಲ್ಲ. ಹೋಗುವಾಗಲೂ ಬರುತ್ತೇವೆ. ಇದು ನಿಮಗೆ ಗೊತ್ತು, ನನಗೆ ಗೊತ್ತು. ಇಲ್ಲೇ ಬೆಳೆದು, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಧೃತಿಗೆ? “ವಾವ್, ಅಜ್ಜಿ!” ಎಂದು ಅವಳು ಹೆಸರು ಒತ್ತಿಯೇಬಿಟ್ಟಳು. ನಾನು ರೋಟಿ ನುಂಗುವಷ್ಟರಲ್ಲಿ ಸೀಟು ಹೋಗಿತ್ತು.

3 (ಮತ್ತೆ)

ಸರಿಪಡಿಸುವುದು ಸುಲಭ, ಕಥೆ ನನ್ನದಲ್ಲವೇ? ಒಂದು ಅಂತ್ಯದಲ್ಲಿ ಹೊನ್ನಮ್ಮನಿಗೆ ಮೊಣಕಾಲು ನೋವು ಕೊಟ್ಟೆ. (ಇವತ್ತು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿಯೇ ಬಂದರು.) ಇನ್ನೊಂದರಲ್ಲಿ ಧೃತಿಯೇ ಹೆಸರು ಬದಲಿಸಬೇಕಿತ್ತು. (“ನೋ ವೇ, ಅಂಕಲ್. ಶಿ ಸೆಡ್ ಬರ್ತೀನಿ!”) ಪುಟ್ಟ ವಿಮಾನಕ್ಕೆ ಮೆತ್ತನೆಯ ಬ್ಯಾಗೇ ಆಗಬೇಕಂತೆ, ಮನೆಯಲ್ಲಿ ಉಳಿದಿದ್ದದ್ದು ನನ್ನದೊಂದೇ. ಅದೂ ಹೋಯಿತು.

ಇನ್ನು ಪಾತ್ರವನ್ನೇ ಕೇಳುವುದೊಂದು ಬಾಕಿ.

“ದೊಡ್ಡಮ್ಮ, ನಿಜ ಹೇಳಿ. ಅವತ್ತು ನೀವು ಮನೆಗೆ ತಾನೇ ಹೊರಟಿದ್ದು?”

“ಹೂಂ, ಮನೆಗೇ.”

“ಮತ್ತೆ?”

“ರೈಲಲ್ಲಿದ್ದಾಗ ಧೃತಿ ಮೆಸೇಜ್ ಬಂತು, ನನ್ನ ಸೀಟ್ ಬುಕ್ ಆಯ್ತು ಅಂತ. ಜೊತೆಗೊಂದು ಸಿಂಹದ ಫೋಟೋ. ನಗು ಬಂತು. ಆಮೇಲೆ ನಗು ನಿಂತ್ಹೋಯ್ತು.” ಬ್ಯಾಗಿನ ಮೇಲೆ ಕೂತೇ ಅವರು ಅರ್ಧಕ್ಕೆ ನಿಂತ ಜಿಪ್ಪನ್ನು ನೋಡುತ್ತಿದ್ದರು. “ಮೈಸೂರು ಝೂ ಗೇಟಲ್ಲಿ ರಿಟೈರ್ ಆಗೋವರ್ಗೂ ಊರೋರಿಗೆಲ್ಲ ಟಿಕೆಟ್ ಹರಿದವಳು ಕಣಪ್ಪ ನಾನು. ಈಗ ನಂದೂ ಅಂತ ಒಂದ್ ಬಂದಿದೆ. ಅದನ್ನ ನೀನ್ ಹರೀತೀಯಾ?”

(ಪಾತ್ರಗಳಿಗೆ ಇಷ್ಟು ಒಳ್ಳೆಯ ಮಾತು ಕೊಡಬಾರದು.)

“ಹಾಗಲ್ಲ ದೊಡ್ಡಮ್ಮ… ಕೊನೇ ಪ್ಯಾರಾ ಪೂರ್ತಿ ನಿಮಗೇ ಬಿಟ್ಕೊಡ್ತೀನಿ. ಎರಡು ಸಿಂಹ ಹಾಕ್ತೀನಿ, ಒಂದು ಮರಿಯಾನೆ ಸೇರಿಸ್ತೀನಿ. ನೀವು ಧೃತಿಗೆ ಒಂದೇ ಒಂದು ಮಾತು ಹೇಳಿ: ಅವತ್ತು ಬರ್ತೀನಿ ಅಂದಿದ್ದು ಹೋಗ್ತೀನಿ ಅಂತ.”

ಹೊನ್ನಮ್ಮ ಮತ್ತೊಮ್ಮೆ ಭಾರ ಬಿಟ್ಟರು. ಜಿಪ್ಪು ಸರ್ರನೆ ಕೊನೆಯವರೆಗೂ ಬಂತು.

“ಪ್ರಯಾಣ ಇಟ್ಕೊಂಡು ಹೋಗ್ತೀನಿ ಅಂತಾರೇನೋ?” ಎಂದರು. “ಅನ್ನಲ್ಲ.”