ಸರದಿಯ ಬೆಳಕು

ಆ ಬೀದಿಯಲ್ಲಿ ಹಿಮ ತೆಗೆಯುವ ಗಾಡಿ ಯಾವತ್ತೂ ಅರ್ಧ ಬೀದಿಯನ್ನೇ ಗುಡಿಸಿ ಹೋಗುತ್ತಿತ್ತು. ಖಾರ್ಕಿವ್ ನಗರದ ಸಲ್ತಿವ್ಕಾ ವಲಯ ಅಲ್ಲಿ, ಟಾರು ರಸ್ತೆಯ ನಡುಮಧ್ಯಕ್ಕೆ, ಮುಗಿಯುತ್ತದೆ. ಅಲ್ಲಿಂದಾಚೆ ನೆಮಿಶ್ಲಿಯಾ ವಲಯ. ಈಚೆಯವರಿಗೆ ಈಚೆಯ ಆಸ್ಪತ್ರೆ, ಆಚೆಯವರಿಗೆ ಆಚೆಯದು. ಜ್ವರ ಕೂಡ ವಲಯ ಕೇಳಿಕೊಂಡೇ ಬರಬೇಕು ಎಂದು ಜನ ನಗುತ್ತಿದ್ದರು. ಯುದ್ಧದ ಚಳಿಗಾಲ ಬಂದ ಮೇಲೆ ಕರೆಂಟಿನ ಪಾಡೂ ಅದೇ ಆಯಿತು. ಈ ಬದಿಯ ಮನೆಗಳಲ್ಲಿ ದೀಪ ಆರಿದರೆ ಆ ಬದಿಯಲ್ಲಿ ಹತ್ತಿಕೊಳ್ಳುತ್ತಿತ್ತು, ಆ ಬದಿಯದು ಆರಿದರೆ ಈ ಬದಿಯದು.

ಝಿನೊವಿಯಾ ಟ್ರೊಖಿಮಿವ್ನಾಳ ಮನೆ ಸಲ್ತಿವ್ಕಾ ಬದಿಯಲ್ಲಿ, ಎರಡನೇ ಮಹಡಿ. ಟ್ರಾಮ್ ಡಿಪೋದಲ್ಲಿ ಸೀಟುಗಳಿಗೆ ಹೊದಿಕೆ ಹೊಲಿದು ಹೊಲಿದು ಕಣ್ಣು ಮಂಜು ಮಾಡಿಕೊಂಡವಳು. ಗಂಡ ತೀರಿಹೋದ ಮೇಲೆ ಅವಳ ಮನೆಯಲ್ಲಿ ಮಾತು ಎಂದರೆ ರೇಡಿಯೊ ಒಂದೇ. ಆ ಚಳಿಗಾಲದ ಆರಂಭದಲ್ಲಿ ಒಂದು ಸಂಜೆ ಬೀಟ್‌ರೂಟಿನ ಸಾರು, ಬೋರ್ಷ್, ಅರ್ಧ ಬೆಂದಿರುವಾಗಲೇ ಕರೆಂಟಿನ ಒಲೆ ಆರಿಹೋಯಿತು. ಕೆಳಗಿನ ಮನೆಯ ಓದಾರ್ಕಾ ಮೆಟ್ಟಿಲಲ್ಲಿ ನಿಂತು, "ಪಾತ್ರೆ ಹಿಡ್ಕೊಂಡು ಅಲ್ಲೇನ್ ನಿಂತಿದ್ದೀಯೇ? ಎದುರುಗಡೆ ನೆಮಿಶ್ಲಿಯಾದಲ್ಲಿ ಕರೆಂಟಿದೆ. ಪ್ಲಾಟೊನ್ ಯುಖಿಮೊವಿಚ್ ಮನೆಗೆ ಹೋಗು. ಚರ್ಚಿನಲ್ಲಿ ಪ್ರಾರ್ಥನೆ ಓದೋರು, ಕಚ್ಚೋದಿಲ್ಲ," ಎಂದಳು.

ಹೋದಳು. ಬಾಗಿಲು ತೆರೆದವರು ಎತ್ತರದ, ಕೊಂಚ ಬಾಗಿದ ಮನುಷ್ಯ, ಹೆಂಡತಿಯನ್ನು ಕಳೆದುಕೊಂಡವರು. ಅವಳು ಪಾತ್ರೆಯನ್ನು ಹೊಸ್ತಿಲ ಮೇಲಿಂದಲೇ ಚಾಚಿದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಹೊಸ್ತಿಲ ಮೇಲಿಂದ ಕೊಡಬಾರದು, ಜಗಳ ಬರುತ್ತೆ. ಒಳಗೆ ಬನ್ನಿ."

"ಇನ್ನೂ ಪರಿಚಯಾನೇ ಆಗಿಲ್ಲ, ಜಗಳ ಹೇಗೆ ಬರುತ್ತೆ?"

"ಅದಕ್ಕೇ ಹೇಳಿದ್ದು, ಮೊದಲು ಪರಿಚಯ ಆಗಲಿ."

ಬೋರ್ಷ್ ಬೇಯುವವರೆಗೆ ಕೂತಳು. ಮರುದಿನ ಅವರ ಕಡೆ ಕತ್ತಲಾದಾಗ ಅವರೇ ರಸ್ತೆ ದಾಟಿ ಬಂದರು, ಕಂಕುಳಲ್ಲಿ ಫ್ಲಾಸ್ಕು, ಜೇಬಿನಲ್ಲಿ ಫೋನಿನ ಚಾರ್ಜರ್. ಹಾಗೆ ವಾರಗಟ್ಟಲೆ ನಡೆಯಿತು. ಕತ್ತಲೆ ಯಾರ ಪಾಲಿಗೋ ಅವರು ನೆಂಟರು, ಬೆಳಕು ಯಾರ ಪಾಲಿಗೋ ಅವರು ಮನೆಯವರು. ಊಟವಾದ ಮೇಲೆ ಪ್ಲಾಟೊನ್ ಯುಖಿಮೊವಿಚ್ ಪ್ರಾರ್ಥನೆಯ ಪದಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. ಪುಸ್ತಕ ಬೇಕಿರಲಿಲ್ಲ. ತಗ್ಗಿದ ದನಿ, ಸಾಲು ಸಾಲಿಗೂ ಒಂದು ಉಸಿರು. ಝಿನೊವಿಯಾ ಕೈಕಟ್ಟಿ ಕೂತು ಕೇಳುತ್ತಿದ್ದಳು. ಅವಳ ತಾಯಿ ಹಸುವಿನ ಹಾಲು ಕರೆಯುವಾಗ ಇಂಥವನ್ನೇ ಹೇಳಿಕೊಳ್ಳುತ್ತಿದ್ದಳು. ಮಂಜುಗಣ್ಣಿಗೆ ಓದಲಾಗದ್ದು ಕಿವಿಗೆ ಬಂದು ಬೀಳುವಾಗ ಎದೆಯೊಳಗಿನ ಗಂಟೊಂದು ಸಡಿಲವಾಗುತ್ತಿತ್ತು.

ಚಳಿಗಾಲ ಇನ್ನೂ ಮುಗಿದಿರಲಿಲ್ಲ, ಒಂದು ದಿನ ಕರೆಂಟು ಎರಡೂ ಬದಿಗೆ ಬಂತು. ಬಂದದ್ದು ಹೋಗಲಿಲ್ಲ.

ಬೀದಿಗೆ ಬೀದಿಯೇ ಹಬ್ಬ ಮಾಡಿತು. ಓದಾರ್ಕಾ ಬಟ್ಟೆ ಒಗೆಯುವ ಯಂತ್ರ ಹಾಕಿ ಅದರ ಮುಂದೆ ಸಿನಿಮಾ ನೋಡುವವಳ ಹಾಗೆ ಕುರ್ಚಿ ಎಳೆದುಕೊಂಡು ಕೂತಳು. ಝಿನೊವಿಯಾ ಆಲೂಗಡ್ಡೆ ಹೂರಣದ ಕಡುಬು, ವರೇನಿಕಿ, ಮಾಡಿದಳು. ಕೈಗೆ ಇಬ್ಬರ ಅಳತೆ ರೂಢಿಯಾಗಿಬಿಟ್ಟಿತ್ತು. ಬೇಯಿಸಿ, ಮೇಲೆ ಹುರಿದ ಈರುಳ್ಳಿ ಹಾಕಿ, ಕಿಟಕಿಗೆ ಬಂದು ನೋಡಿದಳು. ಎದುರು ಮನೆಯಲ್ಲಿ ದೀಪ ಉರಿಯುತ್ತಿತ್ತು. ಅವರಿಗೂ ಒಲೆ ಇದೆ, ಬೆಳಕಿದೆ, ಬಿಸಿನೀರಿದೆ. ಯಾವ ನೆಪಕ್ಕೆ ಹೋಗುವುದು? ಕೆಲಸವಿಲ್ಲದೆ ಒಂಟಿ ಗಂಡಸಿನ ಮನೆಯ ಬಾಗಿಲು ತಟ್ಟಿದರೆ ಓದಾರ್ಕಾ ಒಬ್ಬಳಿಗೇ ಒಂದು ವರ್ಷಕ್ಕೆ ಸಾಕಾಗುವಷ್ಟು ಮಾತು ಸಿಗುತ್ತದೆ.

ಅವರೇ ಬಂದಾರು ಎಂದು ಕಾದಳು. ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಉಳಿದ ವರೇನಿಕಿಯನ್ನು ಬೆಣ್ಣೆಯಲ್ಲಿ ಹುರಿದು ಒಬ್ಬಳೇ ತಿಂದಳು. ರೇಡಿಯೊ ಹಾಕಿದರೆ ಅದರ ದನಿ ಒರಟೆನಿಸಿತು. ಆರಿಸಿದರೆ ಫ್ರಿಜ್ಜಿನ ಗುಂಯ್ ಸದ್ದು. ಕತ್ತಲಿದ್ದಾಗ ಈ ಮನೆ ಇಷ್ಟು ಖಾಲಿ ಎಂದು ಅವಳಿಗೆ ತಿಳಿದೇ ಇರಲಿಲ್ಲ. ಈಗ ಪ್ರತಿ ಮೂಲೆಯೂ ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಅವಳು ಸೋತಳು. ಸಂಜೆ ಬೋರ್ಷ್ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ, ಮೆಟ್ಟಿಲಿಳಿದು ರಸ್ತೆ ದಾಟಿದಳು. ಪ್ಲಾಟೊನ್ ಯುಖಿಮೊವಿಚ್ ಬಾಗಿಲು ತೆರೆದು, ಅವಳನ್ನೂ ಪಾತ್ರೆಯನ್ನೂ ನೋಡಿದರು.

"ನಮ್ಮ ಕಡೆ ಕರೆಂಟ್ ಹೋಗಿದೆ," ಎಂದಳು. ಸುಳ್ಳು ಹೇಳುವಾಗ ಅವಳ ದನಿ ಹುಡುಗಿಯರ ದನಿಯಂತೆ ಸಣ್ಣಗಾಯಿತು.

"ಬನ್ನಿ, ಬನ್ನಿ! ಸಲ್ತಿವ್ಕಾದವರಿಗೆ ಮತ್ತೆ ಬಂತೇ ಗ್ರಹಚಾರ!" ಅವರ ಮುಖ ಅರಳಿದ್ದು ಅವಳ ಮಂಜುಗಣ್ಣಿಗೂ ಕಂಡಿತು. ಪಾತ್ರೆಯನ್ನು ಒಲೆಯ ಮೇಲಿಟ್ಟರು, ಎರಡು ತಟ್ಟೆ ತೆಗೆದರು, ಕಪ್ಪು ರೊಟ್ಟಿ ಕತ್ತರಿಸತೊಡಗಿದರು. ಝಿನೊವಿಯಾ ತನ್ನ ಕುರ್ಚಿಯಲ್ಲಿ ಕೂತಳು. ಸದ್ಯ, ಎಲ್ಲ ಮೊದಲಿನಂತೆಯೇ ಇತ್ತು.

ಬೆಳ್ಳುಳ್ಳಿ ತರಲೆಂದು ಕಿಟಕಿಯ ಬಳಿಗೆ ಹೋದವರು ಅಲ್ಲೇ ನಿಂತರು.

ಚಳಿಗಾಲದಲ್ಲಿ ಆ ನಗರದವರೆಲ್ಲ ಕಲಿತ ರೂಢಿಯೊಂದಿತ್ತು. ಕರೆಂಟು ಹೋದಾಗ ಯಾರೂ ಸ್ವಿಚ್ಚು ಆರಿಸುವುದಿಲ್ಲ. ಮರಳಿ ಬಂದದ್ದು ಗೊತ್ತಾಗಲಿ ಎಂದು ಹಾಗೇ ಬಿಡುತ್ತಾರೆ. ಝಿನೊವಿಯಾಳ ಕೈಯೂ ಆ ಸಂಜೆ ಸ್ವಿಚ್ಚಿನ ಕಡೆ ಹೋಗಿರಲಿಲ್ಲ. ಎದುರಿನ ಎರಡನೇ ಮಹಡಿಯಲ್ಲಿ ಅವಳ ಅಡುಗೆಮನೆಯ ದೀಪ ಹಳದಿಯಾಗಿ, ನೆಮ್ಮದಿಯಾಗಿ ಉರಿಯುತ್ತಿತ್ತು.

"ಅರೆ, ನಿಮ್ಮಲ್ಲಿ ಬಂತಲ್ಲ!" ಎಂದರು ಪ್ಲಾಟೊನ್ ಯುಖಿಮೊವಿಚ್. ಅವರ ದನಿಯಲ್ಲಿ ಕುಹಕದ ಎಳೆಯೂ ಇರಲಿಲ್ಲ. "ಎಷ್ಟು ಬೇಗ ಬಂತು ನೋಡಿ. ದೇವರು ದೊಡ್ಡವನು. ಏಳಿ, ನಿಮ್ಮನ್ನ ಇಲ್ಲಿ ಕೂರಿಸ್ಕೊಂಡು ಯಾಕೆ ತೊಂದರೆ ಕೊಡ್ಲಿ, ನಿಮ್ಮ ಒಲೇಲೇ ಬಿಸಿಯಾಗುತ್ತೆ."

ಅವಳು ಕುರ್ಚಿಯಿಂದ ಎದ್ದಳು. ಅವರು ಎರಡು ತಟ್ಟೆಗಳಲ್ಲಿ ಒಂದನ್ನು ಮೆಲ್ಲಗೆ ಕಪಾಟಿನೊಳಗೆ ಇಟ್ಟರು. ಕೋಟು ಹಾಕಿಕೊಂಡು ಪಾತ್ರೆಯನ್ನು ತಾವೇ ಹಿಡಿದು, ಮೆಟ್ಟಿಲಲ್ಲಿ ಮುಂದೆ ಮುಂದೆ ನಡೆದರು. ಬೋರ್ಷ್ ಇನ್ನೂ ಉಗುರುಬೆಚ್ಚಗೂ ಆಗಿರಲಿಲ್ಲ.

ರಸ್ತೆಯ ನಡುವಿಗೆ ಬಂದಾಗ ಝಿನೊವಿಯಾ ನಿಂತಳು.

"ಪ್ಲಾಟೊನ್ ಯುಖಿಮೊವಿಚ್, ಕರೆಂಟ್ ಹೋಗಿರ್ಲೇ ಇಲ್ಲ."

ಅವರು ತಿರುಗಿದರು.

"ಯಾವಾಗ?" ಎಂದು ಕೇಳಿದರು.

"ಯಾವಾಗ್ಲೂ ಇಲ್ಲ. ಇವತ್ತು ಹೋಗ್ಲಿಲ್ಲ, ನಿನ್ನೆ ಹೋಗ್ಲಿಲ್ಲ. ಸುಮ್ನೆ ಬಂದೆ. ಮನೇಲಿ ಕೂತಿರೋಕಾಗ್ಲಿಲ್ಲ, ಬಂದೆ. ನಗೋದಾದ್ರೆ ನಕ್ಕುಬಿಡಿ."

ಅವರು ನಗಲಿಲ್ಲ. ಪಾತ್ರೆಯನ್ನು ಅವಳ ಕೈಗೆ ಕೊಟ್ಟು, ತಲೆಯ ಟೋಪಿ ತೆಗೆದರು. ಚರ್ಚಿನ ಬಾಗಿಲಲ್ಲಿ ಹಾಗೆ ತೆಗೆಯುತ್ತಾರೆ.

"ನಾನು ನಿಮಗಿಂತ ಕೆಟ್ಟವನು, ಟ್ರೊಖಿಮಿವ್ನಾ. ನೀವು ಬರೀ ಸುಳ್ಳು ಹೇಳಿದ್ರಿ. ನಾನು ಪ್ರಾರ್ಥನೇಲೇ ಕೇಳ್ಬಿಟ್ಟೆ. ಆ ಎದುರುಗಡೆ ಮನೆ ಒಂದು ಗಂಟೆ ಕತ್ತಲಾಗ್ಲಪ್ಪಾ, ಅಂತ. ಈ ಚಳೀಲಿ, ಇಂಥ ಕಾಲದಲ್ಲಿ, ನೆರೆಯವರಿಗೆ ಕತ್ತಲೆ ಬೇಡಿದವನು ನಾನು. ಆಮೇಲೆ ಯಾವ ಮುಖ ಹೊತ್ತು ನಿಮ್ಮ ಬಾಗಿಲಿಗೆ ಬರ್ಲಿ?"

ಅಷ್ಟರಲ್ಲಿ ಮಿನಿಬಸ್ಸೊಂದು ತಿರುವಿನಿಂದ ನುಗ್ಗಿ ಬಂದು ಹಾರನ್ನು ಬಾರಿಸಿತು. "ಏನಜ್ಜಾ, ಮದುವೆ ಮಾತುಕತೆ ರಸ್ತೇಲೇನಾ?" ಎಂದು ಡ್ರೈವರು ಕೂಗಿದ. ಇಬ್ಬರೂ ಬೆಚ್ಚಿ ಹಿಂದೆ ಸರಿದರು, ಅವಳು ಅವಳ ಬದಿಗೆ, ಅವರು ಅವರ ಬದಿಗೆ. ಕಾಲಿಗೆ ತಿಳಿದದ್ದು ಅಷ್ಟೇ. ಬಸ್ಸು ಕೆಸರು ಹಿಮ ಎರಚಿ ಹೋದ ಮೇಲೆ ನೋಡಿದರೆ, ಅವರ ನಡುವೆ ಅಗಲ ರಸ್ತೆ ಮಲಗಿತ್ತು.

ಅವಳು ಕಾದಳು. ಅವರೂ ನಿಂತೇ ಇದ್ದರು. ಮರಳಿ ದಾಟುವುದಕ್ಕೆ ಈಗ ಯಾರ ಬಳಿಯೂ ಒಂದು ಕಾರಣ ಉಳಿದಿರಲಿಲ್ಲ. ಇದ್ದದ್ದನ್ನೆಲ್ಲ ಆಡಿ ಆಗಿತ್ತು.

"ನಾಳೆ ಬರ್ತೀನಿ!" ಎಂದು ಅವರು ಆಚೆಯಿಂದ ಕೂಗಿದರು. "ಕರೆಂಟಿದ್ರೂ ಬರ್ತೀನಿ!"

"ಏನು ತರ್ತೀರಿ?"

ಅವರು ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡರು. "ಏನೂ ಇಲ್ಲ," ಎಂದರು. "ಬರೀ ನಾನು."

ಅವಳು ತಲೆಯಾಡಿಸಿದಳು. ಅಷ್ಟು ದೂರಕ್ಕೆ ಅದು ಕಾಣಿಸಿತೋ ಇಲ್ಲವೋ ತಿಳಿಯಲಿಲ್ಲ. ಪಾತ್ರೆಯನ್ನು ಎದೆಗವಚಿಕೊಂಡು ಮನೆಗೆ ಬಂದು, ಬೋರ್ಷ್ ಕಾಯಿಸಿ, ಒಂದೇ ತಟ್ಟೆಗೆ ಬಡಿಸಿಕೊಂಡು ಕೂತಳು. ರೇಡಿಯೊ ಹಾಕಲಿಲ್ಲ.