ಕೊನೆಯ ರೇಟು

"ನೂರ ಐವತ್ತಾ? ಇನ್ನೊಂದು ಸಲ ನೋಡಿ ಹೇಳಿ. ನೂರ ಅರವತ್ತೆಂಟು ಇರಬೇಕಲ್ವಾ?"

ಬೆಲೆ ಕಡಿಮೆಯಾಯಿತೆಂದು ಸಪ್ಲೈಯರ್‌ಗೆ ಫೋನ್ ಮಾಡಿ ಜಗಳ ತೆಗೆದ ಖರೀದಿ ಅಧಿಕಾರಿ ಈ ಲೋಕದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಆದರೆ ಆ ಬೆಳಿಗ್ಗೆ ಕತ್ತರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಮಾರುವವರೆಲ್ಲ ಸೇರಿ ಬೆನ್ನ ಹಿಂದೆ ಅವಳಿಗಿಟ್ಟ ಹೆಸರು ಕತ್ತರಿ. ಯಾವ ರೇಟು ಕೈಗೆ ಸಿಕ್ಕರೂ ಕತ್ತರಿಸದೆ ಬಿಡುವುದಿಲ್ಲ ಎಂದು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಸರವಾಗುವ ಬದಲು, ಯಾರೋ ಶಾಲು ಹೊದಿಸಿದಷ್ಟು ಖುಷಿಯಾಗಿತ್ತು.

ಅವಳ ಕಂಪನಿ ನೀರೆತ್ತುವ ಪಂಪುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುತ್ತದೆ. ಒಂದೊಂದು ಪ್ಯಾನೆಲ್ಲಿನ ಹೊಟ್ಟೆಯಲ್ಲೂ ಸಾಲಾಗಿ ರಿಲೇಗಳು ಕೂತಿರುತ್ತವೆ: ಸಣ್ಣ ಕರೆಂಟಿನ ಮಾತು ಕೇಳಿ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ, ಬೆಂಕಿಪೊಟ್ಟಣದಷ್ಟು ಪುಟ್ಟ ಸಾಮಾನು. ವರ್ಷಕ್ಕೆ ಸಾವಿರಗಟ್ಟಲೆ ಬೇಕು. ಕೆಲಸಕ್ಕೆ ಸೇರಿದ ವರ್ಷದಿಂದ ಅವಳು ಅವನ್ನು ಕೊಳ್ಳುತ್ತಿದ್ದದ್ದು ಒಬ್ಬರಿಂದಲೇ. ಸಣ್ಣದೊಂದು ಅಂಗಡಿಯ ಆ ಮುದುಕರನ್ನು ಎಲ್ಲರೂ ಕರೆಯುವುದು ಯಜಮಾನ್ರು ಎಂದು.

ಅವರಿಬ್ಬರ ವ್ಯವಹಾರಕ್ಕೆ ಒಂದು ಕ್ರಮವಿತ್ತು. ಯಜಮಾನರು ಕೊಟೇಶನ್ ಕಳಿಸುತ್ತಿದ್ದರು. ಅವಳು ಫೋನ್ ಮಾಡಿ ಮೈಮೇಲೆ ಬೀಳುತ್ತಿದ್ದಳು. "ಬೆಳ್ಳಿ ಏರಿದೆ ತಾಯಿ, ಒಳಗೆ ಕರೆಂಟು ಮುಟ್ಟೋ ಕಾಂಟ್ಯಾಕ್ಟೆಲ್ಲ ಬೆಳ್ಳಿ" ಎಂದು ಅವರು ಗೋಳಾಡಿದರೆ, "ಸಾಸಿವೆಯಷ್ಟು ಬೆಳ್ಳಿ ಹಾಕಿ ಒಡವೆ ಅಂಗಡಿಯವರ ಥರ ಮಾತಾಡ್ಬೇಡಿ" ಎಂದು ಇವಳು. ಎರಡು ಮೂರು ದಿನ ಎಳೆದಾಡಿ, ಕೊನೆಗೆ "ನನ್ನ ಅಂಗಡಿಗೆ ನೀವೇ ಬೀಗ ಹಾಕಿಸ್ತೀರಿ" ಎನ್ನುತ್ತಾ ಅವರು ಇಳಿಯುತ್ತಿದ್ದರು. ಕತ್ತರಿ, ಮೊದಲು ಹೇಳಿದ ಬೆಲೆಯಿಂದ ಇಳಿದಷ್ಟನ್ನೂ ವರದಿಯ 'ಉಳಿತಾಯ' ಎಂಬ ಕಾಲಮ್ಮಿನಲ್ಲಿ ತುಂಬಿ, ಕ್ಯಾಂಟೀನಿಗೆ ಹೋಗಿ ಗೆದ್ದವಳ ಗತ್ತಿನಲ್ಲಿ ಚಹಾ ಕುಡಿಯುತ್ತಿದ್ದಳು.

ಈಗ ಯಜಮಾನರು ಎದೆಯ ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದರು. ಅಂಗಡಿಯಲ್ಲಿ ಕೂತವಳು ಮಗಳು. ಅವಳು ಕಳಿಸಿದ ಮೊದಲ ಕೊಟೇಶನ್ನಿನಲ್ಲೇ, ಹೋದ ವರ್ಷ ನೂರ ಅರವತ್ತೆಂಟರಿಂದ ಮೂರು ದಿನ ಕಾದಾಡಿ ಇಳಿಸಿದ ಬೆಲೆ ಸೀದಾ ಸಾದಾ ಬಂದು ಕೂತಿತ್ತು.

"ಸರಿಯಾಗೇ ಇದೆ ಮೇಡಂ, ನೂರ ಐವತ್ತೇ" ಎಂದಳು ಮಗಳು. "ಇದಕ್ಕಿಂತ ಇಳಿಸೋಕಾಗಲ್ಲ. ನಾನು ಎಲ್ಲರಿಗೂ ಒಂದೇ ರೇಟು ಅಂತ ಮಾಡಿದೀನಿ."

"ಕೊನೆಯ ರೇಟನ್ನ ಯಾರಾದ್ರೂ ಮೊದಲೇ ಹೇಳ್ತಾರೇನಮ್ಮ? ನಾನು ಈಗ ಏನು ಮಾಡ್ಲಿ?"

ಕತ್ತರಿಯ ಸಂಕಟ ಸುಮ್ಮನೆ ಹುಟ್ಟಿದ್ದಲ್ಲ. ಖರೀದಿ ವಿಭಾಗದ ಎರಡು ಕುರ್ಚಿಗಳಲ್ಲಿ ಒಂದನ್ನು ತೆಗೆಯುತ್ತೇವೆ ಎಂದು ಹೊಸ ಮ್ಯಾನೇಜರ್ ಹೇಳಿಯಾಗಿತ್ತು. ಯಾವುದನ್ನು ಎಂಬುದು ಉಳಿತಾಯದ ವರದಿ ನೋಡಿ ತೀರ್ಮಾನ. ವರದಿ ಇವತ್ತು ಸಂಜೆಯೊಳಗೆ ಅವರ ಮೇಜಿನ ಮೇಲಿರಬೇಕು. ಪಕ್ಕದ ಕುರ್ಚಿಯವನು ವೈರಿನಲ್ಲಿ, ಡಬ್ಬಿಯಲ್ಲಿ, ಕೊನೆಗೆ ಸ್ಕ್ರೂವಿನಲ್ಲೂ ಉಳಿಸಿ ಮೀಸೆ ತಿರುವುತ್ತಿದ್ದ. ಇವಳ ಬಲವೆಲ್ಲ ಈ ರಿಲೇ ಒಂದರಲ್ಲಿ. ಗಂಡನ ಅಂಗಡಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಿಂದಲೇ.

ಫೋನಿನ ಆ ಕಡೆ ಮಗಳು ದನಿ ತಗ್ಗಿಸಿದಳು. "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಕಂಪನಿಗೆ ಮಾತ್ರ ಹದಿನೆಂಟು ರೂಪಾಯಿ ಸೇರಿಸಿ ಕಳಿಸು ಅಂತ ಅಪ್ಪ ಹೇಳಿದ್ರು. ನನಗೇ ಸರಿ ಅನ್ನಿಸ್ಲಿಲ್ಲ."

"ನಮಗೆ ಮಾತ್ರನಾ? ನಮ್ಮನ್ನೇನು ಗುಗ್ಗುಗಳು ಅಂದ್ಕೊಂಡ್ರಾ?"

"ಅಯ್ಯೋ, ಹಾಗಲ್ಲ! ನೀವು ಇಳಿಸ್ಲಿ ಅಂತ. ನೀವು ಸೇರಿದ ಹೊಸದ್ರಲ್ಲಿ ಅಪ್ಪಂಗೆ ಫೋನ್ ಮಾಡಿ, 'ಸ್ವಲ್ಪನಾದ್ರೂ ಕಡಿಮೆ ಮಾಡಿ, ಇಲ್ಲಾಂದ್ರೆ ನನ್ನ ಕೆಲಸ ಖಾಯಂ ಆಗಲ್ಲ' ಅಂತ ಅತ್ತಿದ್ರಂತೆ. ಆ ಸಲ ತಮ್ಮ ಲಾಭದಲ್ಲೇ ಬಿಟ್ಟುಕೊಟ್ರು. ಆಮೇಲೆ, ಪ್ರತಿ ವರ್ಷ ಈ ಹುಡುಗಿ ಇಳಿಸೋಕೆ ಒಂದಿಷ್ಟು ಜಾಗ ಇರ್ಲಿ ಅಂತ ಮೇಲೆ ಹಾಕಿ ಕಳಿಸ್ತಿದ್ರು. ಬೇಕಿದ್ರೆ ಈಗಲೂ ಹಾಗೇ ಮಾಡಿ ಕಳಿಸ್ತೀನಿ, ಒಂದು ನಿಮಿಷದ ಕೆಲಸ."

ಆ ಫೋನು ಕತ್ತರಿಗೆ ಚೆನ್ನಾಗಿ ನೆನಪಿತ್ತು. ಅದು ಅವಳ ಮೊದಲ ಗೆಲುವು, ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಂಡು ತಿರುಗಿದ ಕಥೆ. ಅತ್ತದ್ದು ಮಾತ್ರ ಮರೆತೇ ಹೋಗಿತ್ತು. ಈಗ ನೆನಪಾಯಿತು: ಮೆಟ್ಟಿಲ ಕೆಳಗೆ ನಿಂತು, ಯಾರಿಗೂ ಕಾಣದ ಹಾಗೆ ಗೋಡೆಗೆ ಮುಖ ಮಾಡಿ ಮಾತಾಡಿದ್ದಳು. ಅಷ್ಟು ವರ್ಷ ಮೆರೆದ ಕತ್ತರಿಗೆ ಹರಿತವೇ ಇರಲಿಲ್ಲ ಎಂದು ಮುಖ ಸಪ್ಪಗಾಯಿತು. ಆದರೆ ಆ ಸಪ್ಪೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಂಪನಿಯಿಂದ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳದೆ, ವರ್ಷ ವರ್ಷವೂ ಅವಳಿಗಾಗಿ ಸೋತು, ಸೋತದ್ದಕ್ಕೆ ಅವಳಿಂದಲೇ ಬೈಸಿಕೊಂಡ ಮನುಷ್ಯ! ಸ್ವಂತ ಅಪ್ಪನೂ ಇಷ್ಟು ಮಾಡುತ್ತಿದ್ದನೋ ಇಲ್ಲವೋ ಅನ್ನಿಸಿತು.

"ಬೇಡಮ್ಮ. ನೂರ ಐವತ್ತೇ ಇರ್ಲಿ. ಗೊತ್ತಾದ ಮೇಲೆ ಇನ್ನು ಇಲ್ಲದ ಉಳಿತಾಯ ಬರೆಯೋಕೆ ನನ್ನ ಕೈಲಾಗಲ್ಲ" ಎಂದಳು.

ಮಧ್ಯಾಹ್ನವಿಡೀ ಬೇರೆ ಸಪ್ಲೈಯರುಗಳನ್ನೆಲ್ಲ ಕೇಳಿದಳು. ನೂರ ಐವತ್ತಕ್ಕಿಂತ ಕೆಳಗೆ ಯಾರೂ ಬರಲಿಲ್ಲ. ಸಂಜೆ ವರದಿಯಲ್ಲಿ ರಿಲೇಯ ಮುಂದೆ, ಉಳಿತಾಯದ ಕಾಲಮ್ಮಿನಲ್ಲಿ, ಜೀವನದಲ್ಲಿ ಮೊದಲ ಸಲ ಸೊನ್ನೆ ಬರೆದಳು. ಹಾಳೆಗಳನ್ನು ಹಿಡಿದು ಮ್ಯಾನೇಜರ್ ಕೋಣೆಯ ಬಾಗಿಲಿಗೆ ಬಂದಾಗ ಫೋನು ಅಲುಗಾಡಿತು.

"ತಾಯೀ..." ಯಜಮಾನರ ದನಿ ಬಹಳ ಸಣ್ಣಗಾಗಿತ್ತು. "ಮಗಳು ಎಡವಟ್ಟು ಮಾಡಿದಾಳೆ. ನೂರ ಐವತ್ತು ಎಲ್ಲಿಂದ ಬರತ್ತೆ? ಬೆಳ್ಳಿ ಎಷ್ಟು ಏರಿದೆ ನೋಡಿದ್ರಾ? ನೂರ ಅರವತ್ತೆಂಟಕ್ಕೆ ಒಂದು ರೂಪಾಯಿನೂ ಕಡಿಮೆ ಆಗಲ್ಲ."

ಮಗಳು ಎಲ್ಲವನ್ನೂ ಬಾಯಿಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ. ಉಸಿರು ಸಾಲದ ಎದೆಯಲ್ಲೂ ಎದ್ದು ಕೂತು, ಅವಳಿಗೆ ಗೆಲ್ಲಲು ಜಾಗ ಮಾಡಿಕೊಡುತ್ತಿದ್ದರು. ಕತ್ತರಿ ಗೋಡೆಗೆ ಒರಗಿದಳು. ಒಂದು ಸಲವಾದರೂ ಅವರೆದುರು ತಾನೇ ಸೋಲಬೇಕು ಅನ್ನಿಸಿತು.

"ಆಯ್ತು ಯಜಮಾನ್ರೇ. ನೂರ ಅರವತ್ತೆಂಟೇ ಇರ್ಲಿ."

"ಏನಂದ್ರಿ?"

"ಒಪ್ಪಿದೆ ಅಂದೆ."

"ಹಾಗೆಲ್ಲ ಒಪ್ಪಿಬಿಟ್ರೆ ಹೇಗೆ!" ಮುದುಕರು ಗಾಬರಿಯಾದರು. "ಸ್ವಲ್ಪ ಕೇಳಿ. ಕೇಳಿದ್ರೆ ನಾನೇನು ಇಲ್ಲ ಅಂತೀನಾ? ನೂರ ಅರವತ್ತು ಮಾಡ್ಕೊಡ್ತೀನಿ."

"ಬೇಡ. ನಿಮಗೂ ಎರಡು ಕಾಸು ಉಳೀಲಿ."

"ನೂರ ಐವತ್ತೈದು!"

"ಬೇಡ ಅಂದ್ನಲ್ಲ."

"ಒಳ್ಳೇ ಹಟ ಕಣಮ್ಮ ನಿಮ್ಮದು. ನೂರ ಐವತ್ತು. ಅಲ್ಲ, ನಲವತ್ತೊಂಬತ್ತು ಬರ್ಕೊಳ್ಳಿ. ನೂರ ನಲವತ್ತೊಂಬತ್ತು!"

ಹಿಂದಿನಿಂದ ಮಗಳು ಕಿರುಚಿದ್ದು ಕೇಳಿಸಿತು: "ಅಪ್ಪಾ! ಹಾಗಾದ್ರೆ ಎಲ್ಲರಿಗೂ ಇಳಿಸ್ಬೇಕಾಗತ್ತೆ!"

"ಇಳಿಸು ಬಿಡು, ಯಾರು ಬೇಡ ಅಂದ್ರು? ಒಂದು ರೂಪಾಯಿಗೆ ನಾವೇನು ಮುಳುಗಿ ಹೋಗಲ್ಲ."

ಒಂದು ರೂಪಾಯಿ. ಆದರೆ ಇದು ನಿಜವಾದ ರೂಪಾಯಿ, ಸಾವಿರಗಟ್ಟಲೆ ರಿಲೇಗಳ ಮೇಲೆ. ಅವಳು ಸೊನ್ನೆಯನ್ನು ನೋಡಿದಳು. ಕಣ್ಣು ಮಂಜಾಗಿ ಅದು ಸರಿಯಾಗಿ ಕಾಣಿಸಲಿಲ್ಲ.

"ಯಜಮಾನ್ರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ..."

"ಥ್ಯಾಂಕ್ಸಾ?" ಅವರಿಗೆ ಕೆಮ್ಮು ಬಂತು, ಸುಧಾರಿಸಿಕೊಂಡರು. "ಮೈಗೆ ಹುಷಾರಿಲ್ವಾ ನಿಮಗೆ? ಬೈಯೋದು ಬಿಟ್ಟು ಇದೇನಿದು? ಬೈಯಿರಿ ತಾಯಿ. ನೀವು ಬೈದ್ರೇನೇ ನನಗೆ ವ್ಯಾಪಾರ ಆಯ್ತು ಅನ್ಸೋದು."

ಕತ್ತರಿ ಮೂಗೆಳೆದುಕೊಂಡಳು. ದನಿ ಏರಿಸಿದಳು. "ಒಂದೇ ಒಂದು ರೂಪಾಯಿನಾ? ನಾಚಿಕೆ ಆಗಲ್ವಾ ನಿಮಗೆ? ಇಷ್ಟು ವರ್ಷದ ಗಿರಾಕಿಗೆ ಒಂದು ರೂಪಾಯಿ ಇಳಿಸೋಕೆ ಇಷ್ಟು ಗೋಳಾ?"

"ಹಾಂ, ಹಾಗೆ! ಹಾಗೆ ಹೇಳಿ!" ಎಂದು ಆ ಕಡೆಯಿಂದ ಯಜಮಾನರು ನಗುತ್ತಿದ್ದರು.

ಗಲಾಟೆ ಕೇಳಿ ಮ್ಯಾನೇಜರ್ ಬಾಗಿಲು ತೆರೆದರು. ಕೆನ್ನೆಯ ಮೇಲೆ ಧಾರಾಕಾರ ಕಣ್ಣೀರು ಇಳಿಸಿಕೊಂಡು ಯಾರನ್ನೋ ಬಾಯಿಗೆ ಬಂದಂತೆ ಬೈಯುತ್ತಿದ್ದ ಕತ್ತರಿಯನ್ನು ಕಂಡು ಒಂದು ಗಳಿಗೆ ನಿಂತರು. ಆಮೇಲೆ ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿಕೊಂಡರು.